ಬಿಲ್ ಕೇಳುವ ಗಿರಾಕಿ

1999ರ ಡಿಸೆಂಬರ್ 25. ಮಥುರಾದ ರೈಲು ನಿಲ್ದಾಣದಲ್ಲಿ ವಕೀಲರೊಬ್ಬರು ಮೊರಾದಾಬಾದಿಗೆ ಎರಡು ಟಿಕೆಟ್ ತೆಗೆದುಕೊಂಡರು. ತಲಾ 35 ರೂಪಾಯಿಯಂತೆ 70 ಆಗಬೇಕಿತ್ತು. 100ರ ನೋಟು ಕೊಟ್ಟವರಿಗೆ ವಾಪಸು ಬಂದದ್ದು 10. ಬಾಕಿ 20 ರೂಪಾಯಿ ಕೇಳಿದರೂ ಸಿಗಲಿಲ್ಲ. ಅವರು ಗ್ರಾಹಕರ ನ್ಯಾಯಾಲಯಕ್ಕೆ ಹೋದರು. ನೂರಕ್ಕೂ ಹೆಚ್ಚು ವಿಚಾರಣೆಗಳು ನಡೆದವು. ತೀರ್ಪು ಬಂದದ್ದು 22 ವರ್ಷಗಳ ಮೇಲೆ, 2022ರ ಆಗಸ್ಟ್‌ನಲ್ಲಿ. 20 ರೂಪಾಯಿಯನ್ನು ಬಡ್ಡಿ ಸಮೇತ ಹಿಂದಿರುಗಿಸಿ, ಅದರ ಮೇಲೆ 15,000 ರೂಪಾಯಿ ಕೊಡಬೇಕೆಂದು ರೈಲ್ವೆಗೆ ಆದೇಶವಾಯಿತು.

ಕಾನೂನು ಗೆದ್ದಿತೆಂದು ಸಂತೋಷಪಡಬಹುದು, 20 ರೂಪಾಯಿಗೆ 22 ವರ್ಷವೇ ಎಂದು ನಿಟ್ಟುಸಿರೂ ಬಿಡಬಹುದು. ಎರಡೂ ಸರಿಯೇ. ಆದರೆ ಅವರು ಸ್ವತಃ ವಕೀಲರಾಗಿದ್ದರು ಎಂಬುದನ್ನು ಮರೆಯಬಾರದು. ಏನು ಕೇಳಬೇಕು, ಯಾರನ್ನು ಕೇಳಬೇಕು, ಹೇಗೆ ರುಜುವಾತು ಮಾಡಬೇಕು ಎಂಬುದು ಅವರಿಗೆ ಗೊತ್ತಿತ್ತು. ಉಳಿದ ನಾವೆಲ್ಲ ಅಂಗಡಿಯಿಂದ ಹೊರಗೆ ಬರುವಾಗ ಕೈಯಲ್ಲಿ ಸಾಮಾನು ಇರುತ್ತದೆ, ಕಾಗದ ಇರುವುದಿಲ್ಲ. ಕೊಳ್ಳುವವರ ನಂಬಿಕೆ ಒಂದು ಕಾಲಕ್ಕೆ ಅಂಗಡಿಯವರ ಮುಖದ ಮೇಲೆ ನಿಂತಿತ್ತು. ಇವತ್ತು ಅದು ಬರಹದ ಮೇಲೆ ನಿಂತಿದೆ. ಬಿಲ್ಲು, ಪೊಟ್ಟಣದ ಮೇಲಿನ ಲೇಬಲ್ಲು, ಮೊಬೈಲಿನಲ್ಲಿ ಉಳಿದ ಆರ್ಡರ್ ವಿವರ, ಇವೇ ಆಧಾರ. ಕಾನೂನು ಈ ಬದಲಾವಣೆಗೆ ಹೆಚ್ಚುಕಡಿಮೆ ಹೊಂದಿಕೊಂಡಿದೆ. ನಾವಿನ್ನೂ ಹೊಂದಿಕೊಂಡಿಲ್ಲ.

ಹಳೆಯ ನಂಬಿಕೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬೀದಿ ಕೊನೆಯ ಕಿರಾಣಿ ಅಂಗಡಿಯವರು ಮಗುವಿನ ಕೈಯಲ್ಲಿ ಕಳಿಸಿದ ಚೀಟಿ ನೋಡಿ ಸಾಮಾನು ಕಟ್ಟಿಕೊಡುತ್ತಾರೆ, ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಬೇಳೆಯಲ್ಲಿ ಹುಳ ಬಂದರೆ ಒಂದು ಮಾತೂ ಆಡದೆ ಬದಲಾಯಿಸಿ ಕೊಡುತ್ತಾರೆ. ನಾಳೆಯೂ ಅದೇ ಗಿರಾಕಿ ಬರಬೇಕಲ್ಲ. ಯಾವ ಆ್ಯಪ್‌ಗೂ ಅಂಥ ಲೆಕ್ಕಾಚಾರ ಇಲ್ಲ. ಅಕ್ಕಿ ಬೇಳೆಗೆ ಈ ನಂಬಿಕೆ ಧಾರಾಳವಾಗಿ ಸಾಕು. ಮೋಟಾರ್ ಪಂಪು, ಮಿಕ್ಸಿ, ಟೈಲ್ಸ್, ಬಣ್ಣ, ಬಂಗಾರದ ವಿಷಯಕ್ಕೆ ಬಂದಾಗ ಸಾಕಾಗುವುದಿಲ್ಲ.

“ಬಿಲ್ ಬೇಕಾ ಸಾರ್? ಬೇಕು ಅಂದ್ರೆ 18 ಪರ್ಸೆಂಟ್ ಸೇರುತ್ತೆ. ಬೇಡ ಅಂದ್ರೆ ಇದೇ ರೇಟಿಗೆ ತಗೊಂಡ್ಹೋಗಿ.” ಹಾರ್ಡ್‌ವೇರ್ ಅಂಗಡಿಯಲ್ಲಿ ಈ ಮಾತು ಕೇಳದವರು ಕಡಿಮೆ. ಬೇಡ ಎಂದವರ ಕೈಗೆ ಬರುವ ಚೀಟಿಯನ್ನು ಒಮ್ಮೆ ಸರಿಯಾಗಿ ನೋಡಿ. ಮೇಲೆ ‘ಎಸ್ಟಿಮೇಟ್’ ಎಂದು ಅಚ್ಚಾಗಿರುತ್ತದೆ. ಅಂಗಡಿಯ ಹೆಸರಿಲ್ಲ, ವಿಳಾಸವಿಲ್ಲ, ಬಿಲ್ ನಂಬರ್ ಇಲ್ಲ. ಪೆನ್ನಿನಲ್ಲಿ ‘ಮೋಟಾರ್ 1’ ಎಂದು ಬರೆದು, ಮುಂದೆ ಮೊತ್ತ, ಕೆಳಗೆ ಒಂದು ಗೀಟು. ಯಾವ ಕಂಪನಿಯ ಮೋಟಾರು, ಎಷ್ಟು ಎಚ್‌ಪಿ, ಸೀರಿಯಲ್ ನಂಬರ್ ಏನು, ಒಂದೂ ಇಲ್ಲ. ಬೇಸಿಗೆಯಲ್ಲಿ ಕಾಯಿಲ್ ಸುಟ್ಟು ಸರ್ವಿಸ್ ಸೆಂಟರಿಗೆ ಹೊತ್ತುಕೊಂಡು ಹೋದರೆ ಅಲ್ಲಿ ಮೊದಲು ಕೇಳುವುದು ಬಿಲ್ಲನ್ನೇ. ವಾರಂಟಿ ಕಾರ್ಡಿಗೆ ಅಂಗಡಿಯ ಸೀಲು ಬಿದ್ದಿರುವುದಿಲ್ಲ. ಉಳಿಸಿದ ಆ 18 ಪರ್ಸೆಂಟಿಗೆ ಬದಲಾಗಿ ಕೊಟ್ಟುಬಂದದ್ದು ಇಡೀ ವಾರಂಟಿಯನ್ನು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂತು. ಮಾರಿದ ಸಾಮಾನಿಗೆ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ ಎಂದು ಅದು ಹೇಳುತ್ತದೆ. ಮಾರಿದವರ ಹೆಸರು, ವಿಳಾಸ, ಕ್ರಮಸಂಖ್ಯೆ, ದಿನಾಂಕ, ವಸ್ತುವಿನ ವಿವರ, ಪ್ರಮಾಣ, ತೆರಿಗೆ, ಇಷ್ಟೂ ಬಿಲ್ಲಿನಲ್ಲಿ ಇರಬೇಕೆಂದು ಅದರಡಿಯ ನಿಯಮಗಳು ವಿಧಿಸುತ್ತವೆ. ಹಾಗಾಗಿ ಬಿಲ್ ಕೇಳಲು ಸಂಕೋಚಪಡಬೇಕಿಲ್ಲ. ಪರಿಚಯದ ಅಂಗಡಿಯಲ್ಲಿ ಬಿಲ್ ಕೇಳಿದರೆ ಎಲ್ಲಿ ಅನುಮಾನಪಟ್ಟಂತೆ ಆಗುತ್ತದೋ ಎಂಬ ಮುಜುಗರ ನಮ್ಮಲ್ಲಿ ಬಹಳ ಆಳವಾಗಿದೆ, ಹಿರಿಯರಲ್ಲಂತೂ ಇನ್ನೂ ಹೆಚ್ಚು. ಆದರೆ ನಾಳೆ ತಕರಾರು ಬಂದಾಗ ಆ ಪರಿಚಯವನ್ನು ಉಳಿಸುವುದೂ ಬಿಲ್ಲೇ. ಬರಹ ಇದ್ದಲ್ಲಿ ದನಿ ಏರಿಸುವ ಅಗತ್ಯ ಬೀಳುವುದಿಲ್ಲ.

‘ಒಮ್ಮೆ ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ’ ಎಂಬ ಸಾಲು ಬಟ್ಟೆ ಅಂಗಡಿಯ ಗೋಡೆಯ ಮೇಲೂ ಇರುತ್ತದೆ, ಬಿಲ್ಲಿನ ಅಡಿಯಲ್ಲೂ ಇರುತ್ತದೆ. ಅದನ್ನು ಓದಿ ನಾವು ಸುಮ್ಮನಾಗುತ್ತೇವೆ. ದೋಷವಿರುವ ವಸ್ತುವಿನ ಮಟ್ಟಿಗೆ ಆ ಸಾಲಿಗೆ ಬೆಲೆಯಿಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ದೋಷವುಳ್ಳ ವಸ್ತುವನ್ನು ವಾಪಸು ಪಡೆದು ಹಣ ಕೊಡಲು ನಿರಾಕರಿಸುವುದನ್ನೂ ಕಾಯ್ದೆ ಅನುಚಿತ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. ಇಲ್ಲಿ ಒಂದು ಗೆರೆ ಇದೆ. ಒಂದು ಸಲ ಒಗೆದ ಕೂಡಲೇ ಸೀರೆ ಬಣ್ಣ ಬಿಟ್ಟರೆ ಅದು ದೋಷ. ಮನೆಗೆ ತಂದ ಮೇಲೆ ಆ ಬಣ್ಣ ಅತ್ತಿಗೆಗೆ ಹಿಡಿಸಲಿಲ್ಲ ಎಂದಾದರೆ ಅದು ದೋಷವಲ್ಲ. ಆಗ ಬದಲಾಯಿಸಿ ಕೊಡುವುದು ಅಂಗಡಿಯವರ ಔದಾರ್ಯ. ಹಕ್ಕು ಎಲ್ಲಿ ಮುಗಿಯುತ್ತದೆ, ಔದಾರ್ಯ ಎಲ್ಲಿ ಶುರುವಾಗುತ್ತದೆ ಎಂದು ತಿಳಿದಿರುವ ಗಿರಾಕಿಯ ಮಾತಿಗೆ ಹೆಚ್ಚು ತೂಕ.

ಬಸ್‌ಸ್ಟ್ಯಾಂಡಿನಲ್ಲಿ 20 ರೂಪಾಯಿ ಎಂಆರ್‌ಪಿ ಇರುವ ನೀರಿನ ಬಾಟಲಿಗೆ 25 ಕೇಳುತ್ತಾರೆ. ಕಾರಣ ಕೇಳಿದರೆ ‘ಕೂಲಿಂಗ್ ಚಾರ್ಜ್’. ಎಂಆರ್‌ಪಿ ಎಂದರೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆ. ಅಂಗಡಿಯವರು ಅದಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚು ಪಡೆಯುವಂತಿಲ್ಲ. ಒಂದೇ ವಸ್ತುವಿಗೆ ಮಾಲ್‌ನಲ್ಲಿ ಒಂದು, ಹೊರಗೆ ಒಂದು ಎಂದು ಎರಡು ಎಂಆರ್‌ಪಿ ಅಚ್ಚು ಹಾಕುವುದಕ್ಕೂ 2018ರ ಜನವರಿ 1ರಿಂದ ನಿಷೇಧವಿದೆ. ಬೆಲೆ ಇಳಿದಾಗ ಸ್ಟಿಕ್ಕರ್ ಅಂಟಿಸಬಹುದು, ಆದರೆ ಅದು ಮೂಲ ಬೆಲೆಯನ್ನು ಮುಚ್ಚಬಾರದು. ಸ್ಟಿಕ್ಕರಿನ ಕೆಳಗೆ ಉಗುರಿನಿಂದ ಕೆರೆದು ನೋಡುವ ನಮ್ಮ ಅಮ್ಮಂದಿರ ಅಭ್ಯಾಸ ಕಾನೂನಿನ ದೃಷ್ಟಿಯಿಂದಲೂ ಸರಿಯಾದದ್ದೇ. ಹೋಟೆಲುಗಳ ಮಾತು ಮಾತ್ರ ಬೇರೆ. ಕೂತು ಉಣ್ಣುವ ಹೋಟೆಲಿನವರು ಬಾಟಲಿ ನೀರಿಗೆ ಎಂಆರ್‌ಪಿಗಿಂತ ಹೆಚ್ಚು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿದೆ. ಅಲ್ಲಿ ಮಾರಾಟವಾಗುವುದು ಬರೀ ನೀರಲ್ಲ, ಜಾಗ ಮತ್ತು ಸೇವೆಯೂ ಹೌದು ಎಂಬುದು ಆ ತೀರ್ಪಿನ ತರ್ಕ. ಹಾಗೆಂದು ಬಿಲ್ಲಿಗೆ ತಾನಾಗಿ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ. ಅದು ಕೊಡುವವರ ಇಷ್ಟ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಈ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ.

ಬಂಗಾರದ ಅಂಗಡಿಯಲ್ಲಿ ‘ಪಕ್ಕಾ 916’ ಎಂಬ ಬಾಯಿಮಾತಿಗೆ ಈಗ ಬೆಲೆ ಇಲ್ಲ, ಇರಲೂಬಾರದು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆದ ಪ್ರತಿ ಒಡವೆಯ ಮೇಲೂ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಇರಬೇಕು, ಅದರ ಹೆಸರು ಎಚ್‌ಯುಐಡಿ. ಉಂಗುರದ ಒಳಮೈಯಲ್ಲಿ, ಸರದ ಕೊಂಡಿಯ ಪಕ್ಕದಲ್ಲಿ, ಬರಿಗಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣದಾಗಿ ಕೊರೆದಿರುತ್ತಾರೆ. ಅಂಗಡಿಯವರ ಭೂತಗನ್ನಡಿ ಕೇಳಿ ಪಡೆಯಿರಿ. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಶುದ್ಧತೆ ಎಷ್ಟು, ಯಾವ ಕೇಂದ್ರದಲ್ಲಿ ಪರೀಕ್ಷೆಯಾಯಿತು ಎಂಬುದೆಲ್ಲ ಬರುತ್ತದೆ. ಪರೀಕ್ಷೆಯಲ್ಲಿ ಶುದ್ಧತೆ ಕಡಿಮೆ ಎಂದು ಕಂಡುಬಂದರೆ, ಕೊರತೆಯ ಮೌಲ್ಯದ ಎರಡು ಪಟ್ಟು ಮೊತ್ತವನ್ನೂ ಪರೀಕ್ಷೆಯ ಖರ್ಚನ್ನೂ ಅಂಗಡಿಯವರು ತೆರಬೇಕು. ಮಗಳ ಮದುವೆಗೆಂದು ವರ್ಷಗಟ್ಟಲೆ ಚೀಟಿ ಕಟ್ಟಿ ಒಡವೆ ಕೊಳ್ಳುವ ಮನೆಯವರಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಆದರೂ ಎಷ್ಟೋ ಜನ ತೂಕದ ಯಂತ್ರವನ್ನೇ ದಿಟ್ಟಿಸುತ್ತಾರೆ, ಒಡವೆಯ ಒಳಮೈ ನೋಡುವುದಿಲ್ಲ.

ಆನ್‌ಲೈನ್ ವ್ಯಾಪಾರದಲ್ಲಿ ಸ್ಥಿತಿ ತಿರುಗುಮುರುಗು. ಅಲ್ಲಿ ಕಾಗದಕ್ಕೆ ಕೊರತೆಯಿಲ್ಲ. ಆರ್ಡರ್ ನಂಬರ್, ಇನ್‌ವಾಯ್ಸ್, ಸಾಗಣೆಯ ಪ್ರತಿ ಹೆಜ್ಜೆ, ಎಲ್ಲ ದಾಖಲೆಯಾಗಿರುತ್ತದೆ. ಎದುರಿಗೆ ಮನುಷ್ಯ ಇರುವುದಿಲ್ಲ. ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದ ಶುರುವಾದ ಫ್ಲಿಪ್‌ಕಾರ್ಟ್ ದೊಡ್ಡದಾಗಿ ಬೆಳೆದದ್ದಕ್ಕೆ 2010ರಲ್ಲಿ ಅದು ತಂದ ಕ್ಯಾಶ್ ಆನ್ ಡೆಲಿವರಿ ಮುಖ್ಯ ಕಾರಣಗಳಲ್ಲೊಂದು. ಕಂಡಿಲ್ಲದ ಅಂಗಡಿಗೆ ಮುಂಗಡ ದುಡ್ಡು ಕಟ್ಟಲು ಜನ ಒಪ್ಪುತ್ತಿರಲಿಲ್ಲ. ಸಾಮಾನು ತಂದ ಹುಡುಗ ಬಾಗಿಲಲ್ಲಿ ನಿಂತಾಗ ಆ ಅಂಗಡಿಗೊಂದು ಮುಖ ಬಂತು. ಆದರೆ ಹಣ ಕೊಡುವ ತನಕ ಡಬ್ಬ ಬಿಚ್ಚುವಂತಿಲ್ಲ ಎನ್ನುವ ಕಡೆಗಳಲ್ಲಿ ಆ ಮುಖದಿಂದಲೂ ಪ್ರಯೋಜನ ಕಡಿಮೆ. ಅದಕ್ಕೇ ಈಗ ಜನ ಪಾರ್ಸೆಲ್ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳುತ್ತಾರೆ. ಮಾಡಿಟ್ಟುಕೊಳ್ಳುವುದು ಒಳ್ಳೆಯದೇ. ಆದರೆ ಕೊಂಡವನೇ ತಾನು ಪ್ರಾಮಾಣಿಕ ಎಂದು ರುಜುವಾತು ಮಾಡಬೇಕಾದ ಪರಿಸ್ಥಿತಿ ನನಗೆ ನೋವು ತರುತ್ತದೆ. ವಿಡಿಯೊ ಇಲ್ಲದಿದ್ದರೆ ದೂರೇ ಇಲ್ಲ ಎಂದು ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ.

ಹಣ ಕಟ್ಟುವ ಕೊನೆಯ ಪುಟದ ಮೇಲೆ ಕಣ್ಣಾಡಿಸೋಣ. ವಸ್ತುವಿನ ಬೆಲೆ 499 ಎಂದು ತೋರಿಸಿದ್ದರು. ಇಲ್ಲಿ ಅದರ ಕೆಳಗೆ ಪ್ಲಾಟ್‌ಫಾರ್ಮ್ ಫೀ, ಹ್ಯಾಂಡ್ಲಿಂಗ್ ಚಾರ್ಜ್, ಪ್ಯಾಕಿಂಗ್. ನಾವು ಕೇಳಿರದ ಒಂದು ವಿಮೆ ಅಥವಾ ದೇಣಿಗೆಯ ಚೌಕದಲ್ಲಿ ಆಗಲೇ ಟಿಕ್ ಬಿದ್ದಿರುತ್ತದೆ. ಮೇಲೆ ಕೆಂಪಕ್ಷರದಲ್ಲಿ ‘ಇನ್ನು 2 ಮಾತ್ರ ಉಳಿದಿವೆ’ ಎಂಬ ಎಚ್ಚರಿಕೆ, ಪಕ್ಕದಲ್ಲಿ ಓಡುವ ಗಡಿಯಾರ. ಬೇಡ ಎನ್ನಲು ಹೊರಟರೆ ಗುಂಡಿಯ ಮೇಲೆ ‘ಇಲ್ಲ, ನನಗೆ ಉಳಿತಾಯ ಬೇಡ’ ಎಂದು ಬರೆದಿರುತ್ತದೆ. ಇವಕ್ಕೆಲ್ಲ ಒಟ್ಟಾಗಿ ಡಾರ್ಕ್ ಪ್ಯಾಟರ್ನ್ ಎನ್ನುತ್ತಾರೆ. ನಮ್ಮ ಅವಸರವನ್ನು, ಸಂಕೋಚವನ್ನು, ಸೋಮಾರಿತನವನ್ನು ಲೆಕ್ಕ ಹಾಕಿಯೇ ಹೆಣೆದ ಬಲೆ ಇದು. 2023ರ ನವೆಂಬರ್ 30ರಂದು ಹೊರಬಿದ್ದ ಕೇಂದ್ರದ ಮಾರ್ಗಸೂಚಿ ಇಂಥ 13 ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಸುಳ್ಳು ಅವಸರ ಹುಟ್ಟಿಸುವುದು, ಬುಟ್ಟಿಗೆ ಕದ್ದು ಸೇರಿಸುವುದು, ಚಂದಾದಾರರನ್ನು ಹೊರಹೋಗಲು ಬಿಡದಿರುವುದು, ಬೆಲೆಯನ್ನು ಹನಿಹನಿಯಾಗಿ ಹೊರಗೆಡಹುವುದು, ಎಲ್ಲವೂ ಅದರಲ್ಲಿವೆ. ಮೊದಲೇ ಟಿಕ್ ಹಾಕಿಟ್ಟು ಒಪ್ಪಿಗೆ ಪಡೆಯುವುದನ್ನು 2020ರ ಇ-ಕಾಮರ್ಸ್ ನಿಯಮಗಳೇ ಬೇಡವೆಂದಿದ್ದವು. ಆದರೂ ಈ ಪುಟಗಳು ಇನ್ನೂ ಕಾಣಸಿಗುತ್ತವೆ. ಹಾಗಾಗಿ ಹಣ ಕಟ್ಟುವ ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಆ ಪುಟ ನಾಳೆ ಹಾಗೆಯೇ ಇರುವುದಿಲ್ಲ.

‘ನಾವು ಬರೀ ವೇದಿಕೆ, ಮಾರಿದವರು ಬೇರೆ’ ಎಂಬ ಉತ್ತರ ಆನ್‌ಲೈನ್ ಗಿರಾಕಿಗೆ ಪರಿಚಿತ. ಈ ಉತ್ತರ ಎಲ್ಲ ಸಲವೂ ನಡೆಯುವುದಿಲ್ಲವೆಂದು ಪ್ರೆಶರ್ ಕುಕ್ಕರಿನ ಪ್ರಕರಣ ತೋರಿಸಿತು. ಕಡ್ಡಾಯವಾದ ಐಎಸ್ಐ ಗುರುತಿಲ್ಲದ ಕುಕ್ಕರುಗಳನ್ನು ತಮ್ಮ ತಾಣದಲ್ಲಿ ಮಾರಲು ಬಿಟ್ಟದ್ದಕ್ಕೆ 2022ರ ಆಗಸ್ಟ್‌ನಲ್ಲಿ ಪ್ರಾಧಿಕಾರ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್‌ಗೆ ತಲಾ 1 ಲಕ್ಷ ರೂಪಾಯಿ ದಂಡ ಹಾಕಿ, ಕೊಂಡವರಿಗೆಲ್ಲ ವಿಷಯ ತಿಳಿಸಬೇಕೆಂದಿತು. ಅಡುಗೆಮನೆಯಲ್ಲಿ ಸಿಡಿಯಬಹುದಾದ ಪಾತ್ರೆಗೆ ಮಧ್ಯವರ್ತಿಯ ಜವಾಬ್ದಾರಿ ಇಲ್ಲವೆಂದರೆ ಮತ್ತೆ ಯಾರಿಗೆ? ಬೆಂಗಳೂರಿನದೇ ಆದ ಎರಡು ಕಂಪನಿಗಳ ಮೇಲೂ ಪ್ರಾಧಿಕಾರ ಕ್ರಮ ಕೈಗೊಂಡಿದೆ. ಹಣ ವಾಪಸು ಕೇಳಿದವರಿಗೆ ಬರೀ ಕೂಪನ್ ಕೊಡುತ್ತಿದ್ದ ಓಲಾಗೆ, ಬ್ಯಾಂಕ್ ಖಾತೆಗೆ ಬೇಕೋ ಕೂಪನ್ ಬೇಕೋ ಎಂದು ಗಿರಾಕಿಯನ್ನೇ ಕೇಳುವಂತೆ 2024ರಲ್ಲಿ ಸೂಚಿಸಿತು. ‘5 ನಿಮಿಷದಲ್ಲಿ ಆಟೊ, ಇಲ್ಲದಿದ್ದರೆ 50 ರೂಪಾಯಿ’ ಎಂದು ಜಾಹೀರಾತು ಕೊಟ್ಟ ರ‍್ಯಾಪಿಡೊಗೆ 2025ರಲ್ಲಿ 10 ಲಕ್ಷ ರೂಪಾಯಿ ದಂಡ ಬಿತ್ತು. ಆ ಐವತ್ತು ರೂಪಾಯಿ ನಗದಾಗಿರಲಿಲ್ಲ, ಏಳೇ ದಿನ ಬಾಳುವ, ಬೈಕ್ ಸವಾರಿಗೆ ಮಾತ್ರ ಬಳಸಬಹುದಾದ ‘ಕಾಯಿನ್’ ಆಗಿತ್ತು.

ನಾನು ಆನ್‌ಲೈನಿನಲ್ಲಿ ತರಿಸಿದ ಒಂದು ವೆಟ್ ಗ್ರೈಂಡರಿನ ಕಲ್ಲು ಒಡೆದು ಬಂದಿತ್ತು. ಆ್ಯಪ್‌ನ ಚಾಟ್‌ಗೆ ಬರೆದಾಗಲೆಲ್ಲ ಯಂತ್ರವೇ ಉತ್ತರ ಕೊಡುತ್ತಿತ್ತು. ‘ನಿಮ್ಮ ತೊಂದರೆ ಅರ್ಥವಾಯಿತು’ ಎಂದು ಶುರುಮಾಡಿ ಮತ್ತೆ ಮೊದಲ ಪ್ರಶ್ನೆಗೇ ತಂದು ನಿಲ್ಲಿಸುತ್ತಿತ್ತು. ಕೊನೆಗೆ ತಾಣದ ತೀರಾ ಅಡಿಭಾಗದಲ್ಲಿ ಸಣ್ಣ ಅಕ್ಷರದಲ್ಲಿದ್ದ ಕುಂದುಕೊರತೆ ಅಧಿಕಾರಿಯ ಹೆಸರು, ಇಮೇಲ್ ಹುಡುಕಿದೆ. ಆರ್ಡರ್ ನಂಬರ್, ಕಲ್ಲಿನ ಫೋಟೊ, ನನಗೆ ಬೇಕಾದ ಪರಿಹಾರ, ಈ ಮೂರನ್ನಷ್ಟೇ ಬರೆದು ಕಳಿಸಿದೆ. ಚಾಟ್‌ನಲ್ಲಿ ಆಗದ ಕೆಲಸ ಆ ಒಂದು ಪತ್ರದಿಂದ ಆಯಿತು. ಇಂಥ ಅಧಿಕಾರಿಯನ್ನು ಪ್ರತಿಯೊಂದು ಇ-ಕಾಮರ್ಸ್ ಸಂಸ್ಥೆಯೂ ನೇಮಿಸಬೇಕು, ಅವರು 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಎಂಬುದು 2020ರ ನಿಯಮ. ದೋಷವಿದ್ದರೆ, ನಕಲಿಯಾಗಿದ್ದರೆ, ತಾಣದಲ್ಲಿ ತೋರಿಸಿದ್ದಕ್ಕಿಂತ ಬೇರೆಯದೇ ಬಂದಿದ್ದರೆ ಮಾರಿದವರು ವಾಪಸು ತೆಗೆದುಕೊಳ್ಳಲೇಬೇಕು. ಇದಾವುದನ್ನೂ ಚಾಟ್ ಯಂತ್ರ ಹೇಳುವುದಿಲ್ಲ.

ಯುಪಿಐ ಬಗ್ಗೆ ಒಂದು ಮಾತು. ಹಣ ನಮ್ಮ ಖಾತೆಯಿಂದ ಕಡಿತವಾಗಿ ಅಂಗಡಿಗೆ ತಲುಪಿಲ್ಲವೆಂದಾದರೆ ವ್ಯವಹಾರದ ದಿನದಿಂದ ಐದು ದಿನದೊಳಗೆ ಅದು ತಾನಾಗಿ ವಾಪಸಾಗಬೇಕು, ತಡವಾದರೆ ಬ್ಯಾಂಕು ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ರಿಸರ್ವ್ ಬ್ಯಾಂಕಿನ ಈ ಸುತ್ತೋಲೆ 2019ರದು. ಕೇಳಿ ಪಡೆಯುವವರು ವಿರಳ. ವಂಚನೆಯಾದರೆ ಹೊತ್ತು ಕಳೆಯದೆ 1930ಕ್ಕೆ ಕರೆ ಮಾಡಬೇಕು.

ಇಷ್ಟೆಲ್ಲ ಆದಮೇಲೂ ಕೆಲಸ ಆಗದಿದ್ದರೆ? ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದು ನ್ಯಾಯಾಲಯವಲ್ಲ, ಕಂಪನಿಗೂ ನಿಮಗೂ ನಡುವೆ ನಿಂತು ಮಾತಾಡುತ್ತದೆ. ಎಷ್ಟೋ ತಕರಾರುಗಳು ಅಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಹಣ 50 ಲಕ್ಷದವರೆಗಿನ ಪ್ರಕರಣಗಳು ಅಲ್ಲಿಗೇ ಬರುತ್ತವೆ. 5 ಲಕ್ಷದವರೆಗೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದಿಲ್ಲ. ತೊಂದರೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು. 2019ರ ಕಾಯ್ದೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಬದಲಾವಣೆ ಬೇರೆ. ಹಿಂದೆ ಎದುರುಪಕ್ಷದವರು ವ್ಯವಹಾರ ಮಾಡುವ ಊರಲ್ಲೋ ತಕರಾರು ಹುಟ್ಟಿದ ಜಾಗದಲ್ಲೋ ದೂರು ಕೊಡಬೇಕಿತ್ತು. ಕಂಪನಿಗಳು ‘ಅದು ನಮ್ಮ ಊರಿನ ವ್ಯಾಪ್ತಿ’ ಎಂದು ವಾದ ಹೂಡುತ್ತಿದ್ದವು. ಈಗ ದೂರುದಾರರು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ಕೊಡಬಹುದು. ಬೆಂಗಳೂರಿನ ಕಂಪನಿಯ ಮೇಲೆ ಬೀದರಿನವರು ಬೀದರಿನಲ್ಲೇ, ಶಿರಸಿಯವರು ಕಾರವಾರದಲ್ಲೇ ದೂರು ದಾಖಲಿಸಬಹುದು. ಮನೆಯಿಂದಲೇ ಆನ್‌ಲೈನಿನಲ್ಲಿ ಸಲ್ಲಿಸಲೂ ಅವಕಾಶವಿದೆ.

ವಿಳಂಬ ಮಾತ್ರ ಇನ್ನೂ ಹಾಗೇ ಇದೆ. ಪ್ರಯೋಗಾಲಯದ ಪರೀಕ್ಷೆ ಬೇಡದ ದೂರನ್ನು 3 ತಿಂಗಳಲ್ಲಿ, ಬೇಕಾದದ್ದನ್ನು 5 ತಿಂಗಳಲ್ಲಿ ಇತ್ಯರ್ಥ ಮಾಡಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಸದಸ್ಯರ ಹುದ್ದೆಗಳು ಖಾಲಿ ಬೀಳುತ್ತವೆ, ದಿನಾಂಕಗಳು ಮುಂದೆ ಹೋಗುತ್ತವೆ. ಮಥುರಾದ 22 ವರ್ಷ ಅಪರೂಪದ ಉದಾಹರಣೆ ಇರಬಹುದು, ಆದರೆ ಮಿಕ್ಸಿ ಕೆಟ್ಟವರಿಗೆ ಎರಡು ವರ್ಷ ಕಾಯುವುದೂ ಹೆಚ್ಚೇ. ಖಾಲಿ ಹುದ್ದೆ ತುಂಬುವುದು ಸರ್ಕಾರದ ಕೆಲಸ, ಅದನ್ನು ಪಟ್ಟುಹಿಡಿದು ಕೇಳಬೇಕು. ಹಾಗಂತ ದೂರು ಕೊಡುವುದು ವ್ಯರ್ಥವಲ್ಲ. ಚಂಡೀಗಢದಲ್ಲಿ 2019ರಲ್ಲಿ ಬಾಟಾ ಅಂಗಡಿಯೊಂದು ಶೂ ಕೊಂಡವರಿಂದ ಕಾಗದದ ಚೀಲಕ್ಕೆ 3 ರೂಪಾಯಿ ಪಡೆದಿತ್ತು. ಬಿಲ್ ಹಿಡಿದು ಗಿರಾಕಿ ದೂರು ಕೊಟ್ಟರು, ಕೆಲವೇ ತಿಂಗಳಲ್ಲಿ ಆದೇಶ ಬಂದು ಅಂಗಡಿ ಒಟ್ಟು 9,000 ರೂಪಾಯಿ ತೆರಬೇಕಾಯಿತು. ಮರುವರ್ಷ ರಾಷ್ಟ್ರೀಯ ಆಯೋಗವೂ ಬಿಗ್ ಬಜಾರ್ ವಿರುದ್ಧದ ಪ್ರಕರಣದಲ್ಲಿ, ಮುಂಚೆಯೇ ತಿಳಿಸದೆ ಕೌಂಟರಿನಲ್ಲಿ ಚೀಲಕ್ಕೆ ಹಣ ಪಡೆಯುವುದು ತಪ್ಪೆಂದಿತು. ಮೂರು ರೂಪಾಯಿಯನ್ನು ಒಬ್ಬರು ಬಿಡಲಿಲ್ಲ. ‘ಹೋಗ್ಲಿ ಬಿಡಿ’ ಎಂದು ನಾವು ಬಿಡುವ ಪ್ರತಿ ಐದು ರೂಪಾಯಿಯೂ ಯಾರದೋ ಲಾಭದ ಲೆಕ್ಕದಲ್ಲಿ ಮೊದಲೇ ಸೇರಿರುತ್ತದೆ.

ಬರಹದ ಮೇಲೆ ನಿಂತ ನಂಬಿಕೆಯಲ್ಲಿ ನಮ್ಮ ರಾಜ್ಯದ ಜನರಿಗೆ ಇನ್ನೊಂದು ಕೊರತೆ ಇದೆ. ಪೊಟ್ಟಣದ ಮೇಲೆ ಕಡ್ಡಾಯವಾಗಿ ಇರಬೇಕಾದ ವಿವರಗಳು, ಅಂದರೆ ಬೆಲೆ, ನಿವ್ವಳ ತೂಕ, ತಯಾರಾದ ತಿಂಗಳು, ದೂರು ಕೊಡುವ ವಿಳಾಸ, ಹಿಂದಿ ಅಥವಾ ಇಂಗ್ಲಿಷಿನಲ್ಲಿ ಇದ್ದರೆ ಕೇಂದ್ರದ ನಿಯಮಕ್ಕೆ ಸಾಕು. ಬೇರೆ ಭಾಷೆಯನ್ನು ಸೇರಿಸಬಹುದು, ಸೇರಿಸಲೇಬೇಕೆಂದಿಲ್ಲ. ಆ್ಯಪ್‌ಗಳ ಮುಖಪುಟ ಕನ್ನಡದಲ್ಲಿ ಸಿಕ್ಕರೂ ವಾಪಸಾತಿಯ ಷರತ್ತುಗಳಿಗೆ ಬಂದಾಗ ಬಹಳ ಕಡೆ ಇಂಗ್ಲಿಷೇ. ಮಾಹಿತಿ ಪಡೆಯುವುದು ಕಾಯ್ದೆ ಕೊಟ್ಟ ಆರು ಹಕ್ಕುಗಳಲ್ಲಿ ಒಂದು. ಕನ್ನಡ ಮಾತ್ರ ಓದಬಲ್ಲ ರಾಯಚೂರಿನ ಒಬ್ಬ ತಾಯಿಗೆ ಮಗುವಿನ ಆಹಾರದ ಡಬ್ಬದ ಮೇಲಿನ ದಿನಾಂಕದ ಮುಂದೆ ಏನು ಬರೆದಿದೆ ಎಂದು ಗೊತ್ತಾಗದಿದ್ದರೆ ಆ ಹಕ್ಕು ಆಕೆಗೆ ತಲುಪಿಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ 2022ರ ಅಡಿಯಲ್ಲಿ, ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ಸರ್ಕಾರ 2025ರಲ್ಲಿ ಆದೇಶಿಸಿದೆ. ಹೊರಗಿನಿಂದ ಬರುವ ವಸ್ತುಗಳಿಗೆ ಇದು ಅನ್ವಯಿಸುವುದಿಲ್ಲ. ಅಚ್ಚು ಹಾಕುವುದು ಕಷ್ಟವೆಂಬ ಸಬೂಬು ಒಪ್ಪತಕ್ಕದ್ದಲ್ಲ. ಕೀಟನಾಶಕದ ಡಬ್ಬದೊಳಗೆ ಪ್ರಾದೇಶಿಕ ಭಾಷೆಯ ಕೈಪಿಡಿ ಇರಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ದೇಶದ ಯಾವುದೋ ಮೂಲೆಯಲ್ಲಿ ತಯಾರಾದ ಔಷಧಿಯ ಜೊತೆ ರೈತರ ಕೈಗೆ ಕನ್ನಡದ ಹಾಳೆ ಬರುತ್ತದೆ. ಅದೇ ನಿಯಮವನ್ನು ಮಗುವಿನ ಆಹಾರಕ್ಕೂ, ಮಾತ್ರೆಗೂ, ಪ್ರೆಶರ್ ಕುಕ್ಕರಿಗೂ, ಆ್ಯಪ್‌ನ ವಾಪಸಾತಿ ಷರತ್ತುಗಳಿಗೂ ವಿಸ್ತರಿಸುವಂತೆ ರಾಜ್ಯ ಸರ್ಕಾರ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯನ್ನು ಲಿಖಿತವಾಗಿ ಒತ್ತಾಯಿಸಬೇಕು, ನಮ್ಮ ಸಂಸದರು ಸಂಸತ್ತಿನಲ್ಲಿ ಕೇಳಬೇಕು.